ಹೋದ ಲೆಕ್ಕ ಮರಳಿ ಬರುವ ದಾರಿ



ದತ್ತಿ ಎಂಬುದು ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತು. ಕೊಟ್ಟವರು ಹೋದ ಮೇಲೂ ಕೊಟ್ಟದ್ದು ನಿಲ್ಲಬೇಕು ಎಂಬ ಹಂಬಲದಿಂದ ಗುಡಿಗೆ ಭೂಮಿ ಬಿಟ್ಟವರು ಕಲ್ಲು ನೆಡಿಸಿದರು, ತಾಮ್ರದ ಹಲಗೆಯ ಮೇಲೆ ಸೀಮೆಯ ಗುರುತು ಬರೆಸಿದರು. ಯಾವ ಹಳ್ಳದಿಂದ ಯಾವ ಬನ್ನಿಮರದವರೆಗೆ ಯಾರ ಭೂಮಿ ಎಂಬ ಆ ಬರಹ ಈಗ ಕಂಪ್ಯೂಟರಿಗೆ ಬಂದು ಸೇರಿದೆ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಒಬ್ಬ ರೈತನ ಪಹಣಿ, ಮುಟೇಶನ್, ಬೆಳೆ ಸಮೀಕ್ಷೆಯ ಚಿತ್ರ, ಬೆಳೆ ವಿಮೆಯ ಕಂತು, ಸೊಸೈಟಿಯ ಸಾಲ, ಬ್ಯಾಂಕಿನ ಪಾಸ್‌ಬುಕ್, ಪಡಿತರ ಚೀಟಿ, ಮತದಾರರ ಪಟ್ಟಿಯ ಹೆಸರು ಎಲ್ಲವೂ ಎಲ್ಲೋ ದೂರದ ಸರ್ವರ್‌ಗಳಲ್ಲಿ ಇವೆ. ಆ ಸರ್ವರ್ ಸುಟ್ಟರೆ, ಮುಳುಗಿದರೆ, ಯಾರಾದರೂ ಕೆಡಿಸಿದರೆ ಈ ಲೆಕ್ಕ ಮರಳಿ ಬರುತ್ತದೆಯೇ, ಬರುವುದಾದರೆ ಎಷ್ಟು ಹೊತ್ತಿಗೆ, ಯಾವ ದಾರಿಯಿಂದ ಎಂಬುದು ನಾನು ಇಂದು ಎತ್ತಿಕೊಂಡಿರುವ ಪ್ರಶ್ನೆ. ಇದನ್ನು ಎಂಜಿನಿಯರುಗಳ ಒಳಮನೆಯ ವಿಷಯ ಎಂದು ಬಿಟ್ಟುಬಿಡುವ ರೂಢಿ ಇದೆ. ಪಹಣಿಗಾಗಿ ಸಾಲಿನಲ್ಲಿ ನಿಂತು ‘ಸರ್ವರ್ ಇಲ್ಲ, ನಾಳೆ ಬಾ’ ಎಂಬ ಮಾತು ಕೇಳಿಸಿಕೊಂಡವರೆಲ್ಲರ ವಿಷಯ ಇದು ಎಂದು ನಾನು ತಿಳಿದಿದ್ದೇನೆ.

ಭೀಮಾ ನದಿಯಿಂದ ಶುರು ಮಾಡುತ್ತೇನೆ. ಮಹಾರಾಷ್ಟ್ರದಲ್ಲಿ ಮಳೆ ಹೆಚ್ಚಾಗಿ ಉಜನಿ ಜಲಾಶಯದಿಂದ ನೀರು ಬಿಟ್ಟರೆ ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜಿನ ಗೇಟುಗಳು ಮೇಲೇಳುತ್ತವೆ. ಘತ್ತರಗಿ, ದೇವಲ ಗಾಣಗಾಪುರದ ದಂಡೆಗಳಿಗೆ ನೀರು ಬರುತ್ತದೆ. ಕೆಳಗೆ ಜೇವರ್ಗಿ ದಾರಿಯ ಕಟ್ಟಿಸಂಗಾವಿ ಸೇತುವೆಯ ಬಳಿ ಜನ ನದಿಯ ಮಟ್ಟ ನೋಡುತ್ತ ನಿಲ್ಲುತ್ತಾರೆ. 2020ರ ಅಕ್ಟೋಬರ್‌ನಲ್ಲಿ ಹೀಗಾಯಿತು, 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ ಆಯಿತು. ನೆರೆ ಇಳಿದ ಮರುದಿನವೇ ತೊಗರಿ, ಹತ್ತಿ ಕಳೆದುಕೊಂಡವರಿಗೆ ದಾಖಲೆ ಬೇಕಾಗುತ್ತದೆ. ಪರಿಹಾರದ ಹಣ ಈಗ ಕೈಯಿಂದ ಕೈಗೆ ಬರುವುದಿಲ್ಲ. ಸರ್ವೆ ನಂಬರ್, ಬೆಳೆ, ನಷ್ಟದ ವಿಸ್ತೀರ್ಣ ಎಲ್ಲ ‘ಪರಿಹಾರ’ ತಂತ್ರಾಂಶಕ್ಕೆ ಏರಿದ ಮೇಲೆ ಆಧಾರ್ ಜೋಡಿಸಿದ ಖಾತೆಗೆ ಹಣ ನೇರ ಜಮೆಯಾಗುತ್ತದೆ. ಹಾಗಾಗಿ ಹೊಲ ಮುಳುಗಿದ ವಾರವೇ ಆ ಹೊಲದ ದಾಖಲೆಗೆ ಅತ್ಯಂತ ಹೆಚ್ಚು ಬೇಡಿಕೆ ಬರುತ್ತದೆ, ಕರೆಂಟು, ರಸ್ತೆ, ಕೇಬಲ್ಲು ಅತ್ಯಂತ ದುರ್ಬಲವಾಗಿರುವುದೂ ಅದೇ ವಾರ. ದಾಖಲೆ ಇರುವುದು ಬೆಂಗಳೂರಿನಲ್ಲಿ, ಭೀಮೆ ಅಲ್ಲಿಗೆ ಹೋಗುವುದಿಲ್ಲ ಎಂಬ ಸಮಾಧಾನ ಅರ್ಧ ಮಾತ್ರ ನಿಜ.

ಇಂದು ನಾನು ಹೇಳಬೇಕೆಂದಿರುವುದು ಒಂದೇ ಮಾತು. ದಾಖಲೆಗೆ ನಕಲು ಇದೆ ಎನ್ನುವುದು ಒಂದು, ಆ ನಕಲಿನಿಂದ ಕಚೇರಿ ಮತ್ತೆ ಎದ್ದು ನಡೆದದ್ದನ್ನು ಕಣ್ಣಾರೆ ಕಂಡಿದ್ದೇವೆ ಎನ್ನುವುದು ಇನ್ನೊಂದು. ನಮ್ಮ ಸರ್ಕಾರಗಳೂ ಸಂಸ್ಥೆಗಳೂ ಮೊದಲನೆಯದಕ್ಕೆ ಹಣ ಹಾಕುತ್ತವೆ. ಜನರಿಗೆ ಬೇಕಾಗಿರುವುದು ಎರಡನೆಯದು. ಅದನ್ನು ವರ್ಷಕ್ಕೊಮ್ಮೆಯಾದರೂ ಮಾಡಿ ತೋರಿಸಿ ಎಂದು ಕೇಳುವ ಹಕ್ಕು ನಮಗಿದೆ.

ದಾಖಲೆಗಳು ಕಂಪ್ಯೂಟರಿಗೆ ಬಂದ ಕಥೆಯನ್ನು ಸ್ವಲ್ಪ ನೆನೆಯಬೇಕು. ಹೈದರಾಬಾದ್ ರಾಜ್ಯದ ಕಾಲದಿಂದ ಬಂದ ಸೇತ್ವಾರ, ಖಾಸ್ರಾ ಪಹಣಿಗಳು ಈ ಭಾಗದ ಜಮೀನಿನ ತಾಯಿಬೇರು. ಆಮೇಲೆ ಪಹಣಿ ಗ್ರಾಮ ಲೆಕ್ಕಿಗರ ಕೈಬರಹದಲ್ಲಿ ನಡೆಯಿತು. ‘ಭೂಮಿ’ ಯೋಜನೆ ಬಂದಾಗ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ತುಂಬಿದರು. 2002ರ ಹೊತ್ತಿಗೆ ಆಗಿನ 177 ತಾಲ್ಲೂಕು ಕೇಂದ್ರಗಳಲ್ಲಿ 15 ರೂಪಾಯಿಗೆ ಪಹಣಿ ಸಿಗತೊಡಗಿತು. ಕೈಬರಹದ ಪಹಣಿಗೆ ಕಾನೂನಿನ ಬಲ ಉಳಿಯಲಿಲ್ಲ. ಇದರಿಂದ ರೈತನಿಗೆ ಆದ ಉಪಕಾರ ದೊಡ್ಡದು, ಒಬ್ಬ ಲೆಕ್ಕಿಗನ ಮರ್ಜಿಯ ಮೇಲೆ ನಿಂತಿದ್ದ ಬದುಕು ಬಿಡುಗಡೆಯಾಯಿತು. ಆದರೆ ಇನ್ನೊಂದು ಬದಲಾವಣೆ ಯಾರ ಗಮನಕ್ಕೂ ಬಾರದೆ ನಡೆದುಹೋಯಿತು. ಹಿಂದೆ ಹಳ್ಳಿಗೊಂದು ದಫ್ತರ ಇತ್ತು. ಒಂದು ಚಾವಡಿಗೆ ಬೆಂಕಿ ಬಿದ್ದರೆ ಒಂದು ಊರಿನ ಲೆಕ್ಕ ಹೋಗುತ್ತಿತ್ತು. ಮೊದಲು ತಾಲ್ಲೂಕಿನಲ್ಲೇ ಇದ್ದ ಸರ್ವರ್ ಮುಂದೆ ರಾಜ್ಯದ ಕೇಂದ್ರಕ್ಕೆ ಹೋಯಿತು. ಆಡಳಿತಕ್ಕೆ ಅದು ಸರಿಯಾದ ಹೆಜ್ಜೆ, ಒಂದೇ ಸತ್ಯ ಒಂದೇ ಕಡೆ ಇರಬೇಕು. ಜೊತೆಗೇ ಎಲ್ಲ ಊರುಗಳ ಅಪಾಯವೂ ಒಂದೇ ಕಡೆ ಕೂಡಿತು. ಆ ಕೂಡಿಟ್ಟ ಅಪಾಯಕ್ಕೆ ತಕ್ಕ ಎಚ್ಚರಿಕೆ ಬೇಕು.

ಈಗ ಆ ಯಂತ್ರದ ಒಳಗನ್ನು ನೋಡೋಣ. ಹಿಂದೆ ಒಂದು ಕೆಲಸಕ್ಕೆ ಒಂದು ಸರ್ವರ್ ಇರುತ್ತಿತ್ತು. ಈಗ ಒಂದು ದೊಡ್ಡ ಸರ್ವರಿನೊಳಗೆ ಹತ್ತಾರು ವರ್ಚುವಲ್ ಮಷಿನ್‌ಗಳು ನಡೆಯುತ್ತವೆ. ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ ಹೂಡಿದ ಅಣ್ಣತಮ್ಮಂದಿರ ಹಾಗೆ ಪ್ರತಿಯೊಂದಕ್ಕೂ ತನ್ನದೇ ಮೆಮೊರಿ, ತನ್ನದೇ ಡಿಸ್ಕ್, ತನ್ನದೇ ಆಪರೇಟಿಂಗ್ ಸಿಸ್ಟಂ ಇದೆ ಎಂಬ ಲೆಕ್ಕ. ಇದರ ದೊಡ್ಡ ಅನುಕೂಲವೆಂದರೆ ಇಡೀ ಮಷಿನ್ನೇ ಕೆಲವು ಫೈಲುಗಳಾಗಿ ಕೂಡುತ್ತದೆ. ಫೈಲಾದ ಮೇಲೆ ಅದನ್ನು ನಕಲಿಸಬಹುದು, ಬೇರೆ ಊರಿಗೆ ಕಳುಹಿಸಬಹುದು, ಅಲ್ಲಿ ಬೇರೆ ಕಂಪನಿಯ ಯಂತ್ರದ ಮೇಲೂ ಎಬ್ಬಿಸಬಹುದು. ಒಮ್ಮೆ ಪೂರ್ತಿ ನಕಲು ಮಾಡಿ, ಆಮೇಲೆ ಬದಲಾದ ತುಣುಕುಗಳನ್ನಷ್ಟೇ ಕಳುಹಿಸುತ್ತ ಹೋದರೆ ದೂರದ ನಕಲು ಮೂಲದ ಹಿಂದೆ ಹಿಂದೆಯೇ ನಡೆದು ಬರುತ್ತದೆ. ಇದನ್ನೇ ರೆಪ್ಲಿಕೇಶನ್ ಎನ್ನುತ್ತಾರೆ.

ಎಷ್ಟು ಹಿಂದೆ ನಡೆಯಬೇಕು ಎಂಬುದನ್ನು ಕಬ್ಬಿನ ಕಾಟಾದಿಂದ ತಿಳಿಯುವುದು ಸುಲಭ. ಆಳಂದ ತಾಲ್ಲೂಕಿನ ಭೂಸನೂರಿನಲ್ಲಿ, ಅಫಜಲಪುರ ತಾಲ್ಲೂಕಿನ ಹವಳಗಾದಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಯಾವುದೇ ಕಾರ್ಖಾನೆಯ ಕಾಟಾ ನೆನೆದುಕೊಳ್ಳಿ. ಕಬ್ಬು ತುಂಬಿದ ಟ್ರ್ಯಾಕ್ಟರ್ ಬಂದು ನಿಲ್ಲುತ್ತದೆ, ತುಂಬಿದ ತೂಕ ಕಂಪ್ಯೂಟರಿಗೆ ಏರುತ್ತದೆ. ಕಬ್ಬು ಇಳಿಸಿ ಬಂದ ಮೇಲೆ ಖಾಲಿ ತೂಕ ಆಗುತ್ತದೆ, ಎರಡರ ನಡುವಿನ ವ್ಯತ್ಯಾಸವೇ ರೈತನ ದುಡ್ಡು. ಕಾಲು ಗಂಟೆಗೊಮ್ಮೆ ನಕಲು ಹೋಗುವ ವ್ಯವಸ್ಥೆಯಲ್ಲಿ ಸರ್ವರ್ ಕೆಟ್ಟರೆ ಆ ಕಾಲು ಗಂಟೆಯ ಗಾಡಿಗಳೆಲ್ಲ ಲೆಕ್ಕದಿಂದ ಮಾಯವಾಗುತ್ತವೆ, ರೈತನ ಕೈಯಲ್ಲಿರುವ ಕಾಟಾ ಚೀಟಿ ಒಂದೇ ಉಳಿಯುವ ಸಾಕ್ಷಿ. ಇದು ಕಳೆದುಕೊಳ್ಳಬಹುದಾದ ಹೊತ್ತು. ಸರ್ವರ್ ಮತ್ತೆ ಎದ್ದು ಕಾಟಾ ನಡೆಯುವವರೆಗೆ ಸಾಲಿನಲ್ಲಿ ಕಬ್ಬು ಒಣಗುತ್ತದಲ್ಲ, ಅದು ಎದ್ದು ನಿಲ್ಲುವ ಹೊತ್ತು. ವಿಪತ್ತಿನಿಂದ ಚೇತರಿಸಿಕೊಳ್ಳುವ ಶಾಸ್ತ್ರವೆಲ್ಲ ಈ ಎರಡು ಹೊತ್ತುಗಳ ಸುತ್ತ ಕಟ್ಟಿದ್ದು. ಇನ್ನೊಂದು ಸೂಕ್ಷ್ಮವೂ ಇದೆ. ತುಂಬಿದ ತೂಕ ಏರಿದೆ, ಖಾಲಿ ತೂಕ ಏರಿಲ್ಲ, ಆ ಗಳಿಗೆಯಲ್ಲೇ ನಕಲು ತೆಗೆದರೆ ನಕಲಿನಲ್ಲಿ ಅರ್ಧ ವ್ಯವಹಾರ ಉಳಿಯಬಹುದು. ಜಮೀನಿನ ವಿಷಯದಲ್ಲಾದರೆ ಮಾರಿದವನ ಹೆಸರು ಹೋಗಿ ಕೊಂಡವನ ಹೆಸರು ಇನ್ನೂ ಬಂದಿರುವುದಿಲ್ಲ. ಆದ್ದರಿಂದ ನಕಲು ತೆಗೆಯುವ ತಂತ್ರಾಂಶ ಡೇಟಾಬೇಸಿಗೆ ಮೊದಲೇ ಹೇಳಿ, ಕೈಯಲ್ಲಿರುವ ಬರಹ ಮುಗಿಸಿಕೊಂಡ ಮೇಲೆ ನಕಲು ತೆಗೆಯಬೇಕು. ಇಷ್ಟು ಮಾಡದ ನಕಲು ನೋಡಲು ಪೂರ್ತಿಯಾಗಿಯೇ ಕಾಣುತ್ತದೆ, ಎಬ್ಬಿಸಿದಾಗಲೇ ಅದರ ಕೊರತೆ ಗೊತ್ತಾಗುವುದು.

ಕಳೆದುಕೊಳ್ಳುವ ಹೊತ್ತನ್ನು ಸೊನ್ನೆಗೆ ಇಳಿಸಬಾರದೇಕೆ ಎಂದು ಕೇಳಬಹುದು. ಎರಡೂ ಕಡೆ ಬರೆದಾದ ಮೇಲೆಯೇ ‘ಆಯಿತು’ ಎನ್ನುವ ವ್ಯವಸ್ಥೆ ಇದೆ. ಆದರೆ ಬೆಳಕಿಗೂ ಒಂದು ವೇಗ ಇದೆ, ಗಾಜಿನ ಎಳೆಯೊಳಗೆ ಅದು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ನಕಲು 1000 ಕಿಲೋಮೀಟರ್ ದೂರದಲ್ಲಿದ್ದರೆ ಪ್ರತಿ ಬರಹವೂ ಹೋಗಿ ಬರಲು ಸೆಕೆಂಡಿನ ನೂರನೆಯ ಒಂದು ಭಾಗ ಕಾಯಬೇಕು. ಸಾವಿರಾರು ಬರಹಗಳ ಮೇಲೆ ಅದು ಭಾರವಾಗುತ್ತದೆ. ಹತ್ತಿರ ಇಟ್ಟರೆ ಈ ಕಾಯುವಿಕೆ ಇಲ್ಲ, ಆದರೆ ಒಂದೇ ವಿಪತ್ತು ಎರಡನ್ನೂ ತೆಗೆದುಕೊಂಡು ಹೋಗಬಹುದು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿಯ ಭೂಕಂಪ ಸುಮಾರು 10,000 ಜನರನ್ನು ಬಲಿ ತೆಗೆದುಕೊಂಡಿತು. ಆ ಕಿಲ್ಲಾರಿ ಆಳಂದದಿಂದ 100 ಕಿಲೋಮೀಟರಿನ ಒಳಗೇ ಇದೆ. ಅದಕ್ಕೇ ಒಂದು ನಕಲು ಹತ್ತಿರ, ಇನ್ನೊಂದು ಬೇರೆ ನೆಲ, ಬೇರೆ ನದಿಯ ಸೀಮೆಯಲ್ಲಿ ಇರಬೇಕು ಎನ್ನುವುದು. ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರವು ದೆಹಲಿ, ಪುಣೆ, ಹೈದರಾಬಾದ್, ಭುವನೇಶ್ವರಗಳಲ್ಲಿ ತನ್ನ ದತ್ತಾಂಶ ಕೇಂದ್ರಗಳನ್ನು ಹರಡಿರುವುದರಿಂದ ಅಂಥ ದೂರ ಸಾಧ್ಯವಾಗುತ್ತದೆ.

ಭುವನೇಶ್ವರದ ಹೆಸರು ಬಂದದ್ದರಿಂದ ಒಂದು ಕಲ್ಲಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಲು ಅಪ್ಪಣೆ ಬೇಡುತ್ತೇನೆ. ಜೇವರ್ಗಿಯ ನೆರೆಯ ಚಿತ್ತಾಪುರ ಸೀಮೆಯಲ್ಲಿ, ಭೀಮೆಯ ದಂಡೆಯ ಮೇಲೆ ಸನ್ನತಿ ಇದೆ. 1986ರಲ್ಲಿ ಅಲ್ಲಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯ ಮಾಡು ಕುಸಿಯಿತು. ಮೂರ್ತಿಯ ಪೀಠವಾಗಿದ್ದ ಚಪ್ಪಡಿಯನ್ನು ನೋಡಿದರೆ ಅದರ ಮೇಲೆ ಅಶೋಕನ ಶಾಸನವಿತ್ತು. ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಬಂಡೆಶಾಸನಗಳು ಹಾಗೂ ಎರಡು ಪ್ರತ್ಯೇಕ ಶಾಸನಗಳು ಅದರ ಮೇಲಿದ್ದವು. ಯಾವುದೋ ಕಾಲದಲ್ಲಿ ಮೂರ್ತಿ ನಿಲ್ಲಿಸಲು ಚಪ್ಪಡಿಯ ನಡುವೆ ತೂತು ಕೊರೆದಿದ್ದರು, ಅಲ್ಲಿಯ ಅಕ್ಷರಗಳು ಹೋಗಿದ್ದವು. ಹೋದ ಅಕ್ಷರ ಏನೆಂದು ವಿದ್ವಾಂಸರು ತಿಳಿದದ್ದು ಹೇಗೆ? ಅದೇ ಪಾಠ ಬೇರೆ ಕಡೆ ಇತ್ತು. ಪ್ರತ್ಯೇಕ ಶಾಸನಗಳು ಒಡಿಶಾದ ಧೌಲಿ ಮತ್ತು ಜೌಗಡದ ಬಂಡೆಗಳ ಮೇಲಿದ್ದವು. ಧೌಲಿ ಇರುವುದು ಭುವನೇಶ್ವರದ ಮಗ್ಗುಲಲ್ಲಿ, ಸನ್ನತಿಯಿಂದ ಸುಮಾರು 1000 ಕಿಲೋಮೀಟರ್ ದೂರದಲ್ಲಿ. ಭೀಮಾತೀರದಲ್ಲಿ ಕಳೆದುಹೋದದ್ದನ್ನು ದಯಾ ನದಿಯ ತೀರದ ನಕಲು ತುಂಬಿಕೊಟ್ಟಿತು. ಇದಕ್ಕಿಂತ ಹೆಚ್ಚಿನ ಬೆರಗು ಹದಿನಾಲ್ಕನೆಯ ಶಾಸನದ ಒಳಗಿದೆ. ತನ್ನ ಧರ್ಮಲಿಪಿಗಳನ್ನು ಕೆಲವೆಡೆ ಸಂಕ್ಷೇಪವಾಗಿ, ಕೆಲವೆಡೆ ವಿಸ್ತಾರವಾಗಿ ಬರೆಸಿದೆ ಎಂದೂ ಲಿಪಿಕಾರನ ತಪ್ಪಿನಿಂದ ಎಲ್ಲಾದರೂ ಅಪೂರ್ಣವಾಗಿರಬಹುದು ಎಂದೂ ಅರಸನೇ ಅಲ್ಲಿ ತಿಳಿಸಿದ್ದಾನೆ. ನಕಲು ಮೂಲದಂತೆಯೇ ಇರುತ್ತದೆ ಎಂದು ನಂಬಬಾರದು ಎಂಬ ಎಚ್ಚರಿಕೆ 2200 ವರ್ಷಗಳ ಹಿಂದೆಯೇ ನಮ್ಮ ನದಿಯ ದಂಡೆಗೆ ಬಂದು ಮುಟ್ಟಿತ್ತು.

ಕಲ್ಲಿನ ನಕಲಿಗೂ ಸರ್ವರಿನ ನಕಲಿಗೂ ಇರುವ ಮುಖ್ಯ ವ್ಯತ್ಯಾಸವನ್ನು ಇಲ್ಲಿಯೇ ಹೇಳಬೇಕು. ಸನ್ನತಿಯಲ್ಲಿ ಉಳಿ ಹಿಡಿದು ತೂತು ಕೊರೆದಾಗ ಧೌಲಿಯ ಬಂಡೆಗೆ ತೂತು ಬೀಳಲಿಲ್ಲ. ರೆಪ್ಲಿಕೇಶನ್‌ನಲ್ಲಿ ಬೀಳುತ್ತದೆ. ಮೂಲದಲ್ಲಿ ಒಂದು ಹೆಸರು ಅಳಿಸಿದರೆ ಕೆಲವೇ ಕ್ಷಣಗಳಲ್ಲಿ ದೂರದ ನಕಲಿನಲ್ಲೂ ಅದು ಅಳಿಯುತ್ತದೆ, ಅದು ಇರುವುದೇ ಹಿಂಬಾಲಿಸಲಿಕ್ಕೆ. ಬೆಂಕಿ ನೀರುಗಳಿಂದ ಅದು ಕಾಯುತ್ತದೆ, ತಪ್ಪಿನಿಂದಲೂ ಕೇಡಿನಿಂದಲೂ ಕಾಯುವುದಿಲ್ಲ. ಆಳಂದದಲ್ಲೇ ಇದಕ್ಕೆ ಹತ್ತಿರದ ಪಾಠ ಸಿಕ್ಕಿದೆ. 2022ರ ಕೊನೆಯಲ್ಲಿ ಆಳಂದ ವಿಧಾನಸಭಾ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರು ತೆಗೆಯಬೇಕೆಂದು ಆನ್‌ಲೈನಿನಲ್ಲಿ 6018 ಅರ್ಜಿಗಳು ಬಂದವು. ಸ್ಥಳಕ್ಕೆ ಹೋಗಿ ವಿಚಾರಿಸಿದಾಗ 24 ಮಾತ್ರ ಸರಿಯಾಗಿದ್ದವು, ಉಳಿದ 5994 ತಿರಸ್ಕೃತವಾದವು. 2023ರ ಫೆಬ್ರವರಿ 21ರಂದು ಪೊಲೀಸರಿಗೆ ದೂರು ಹೋಯಿತು. ಯಾರು ಮಾಡಿದರು, ಏಕೆ ಮಾಡಿದರು ಎಂಬುದು ತನಿಖೆಯ, ನ್ಯಾಯಾಲಯದ ವಿಷಯ, ಅದಕ್ಕೆ ನಾನು ಕೈಹಾಕುವುದಿಲ್ಲ. ದಾಖಲೆಶಾಸ್ತ್ರದ ಕಣ್ಣಿನಿಂದ ನೋಡಿದರೆ ಆ ಹೆಸರುಗಳನ್ನು ಉಳಿಸಿದ್ದು ಯಾವ ನಕಲೂ ಅಲ್ಲ. ಮನೆ ಮನೆಗೆ ಹೋಗಿ ‘ಈ ಮನುಷ್ಯ ಇಲ್ಲೇ ಇದ್ದಾನೆ’ ಎಂದು ನೋಡಿ ಬಂದ ಮತಗಟ್ಟೆ ಮಟ್ಟದ ಸಿಬ್ಬಂದಿ ಉಳಿಸಿದರು. ಅಳಿಸುವ ಆದೇಶ ಒಪ್ಪಿತವಾಗಿದ್ದರೆ ಎಷ್ಟು ಊರುಗಳಲ್ಲಿ ನಕಲಿಟ್ಟಿದ್ದರೂ ಎಲ್ಲ ಕಡೆಯೂ ಒಟ್ಟಿಗೆ ಅಳಿದುಹೋಗುತ್ತಿದ್ದವು.

ಇದೇ ಕಾರಣಕ್ಕೆ ಹಿಂಬಾಲಿಸುವ ನಕಲಿನ ಜೊತೆ ಹಿಂಬಾಲಿಸದ ನಕಲೂ ಬೇಕು. ನಿನ್ನೆಯದು, ಕಳೆದ ವಾರದ್ದು, ಕಳೆದ ತಿಂಗಳದ್ದು ಎಂದು ದಿನಾಂಕ ಹಚ್ಚಿ, ನೆಟ್‌ವರ್ಕಿನಿಂದ ಬಿಡಿಸಿ, ಮತ್ತೆ ಬರೆಯಲಾಗದಂತೆ ಇಟ್ಟದ್ದು. ಬ್ಯಾಕಪ್ ಎಂಬ ಮಾತು ನಿಜವಾಗಿ ಸಲ್ಲಬೇಕಾದದ್ದು ಇದಕ್ಕೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬ ಸೂತ್ರ ಈ ಕೆಲಸ ಮಾಡುವವರ ಬಾಯಲ್ಲಿ ಮೊದಲಿನಿಂದ ಇದೆ. ಸೂತ್ರ ಗೊತ್ತಿದ್ದವರೂ ಎಡವುತ್ತಾರೆ. ಗಿಟ್‌ಲ್ಯಾಬ್ ಎಂಬ ಕಂಪನಿಯಲ್ಲಿ 2017ರ ಜನವರಿ 31ರಂದು ಒಬ್ಬ ಎಂಜಿನಿಯರ್ ನಕಲಿನ ಸರ್ವರ್ ಎಂದುಕೊಂಡು ಮೂಲದ ಸರ್ವರಿನಲ್ಲೇ ದತ್ತಾಂಶ ಅಳಿಸಿದರು. ಹುಡುಕಿದರೆ ಐದು ಬಗೆಯ ನಕಲಿನ ಏರ್ಪಾಟುಗಳಲ್ಲಿ ಯಾವುದೂ ನೆಚ್ಚುವಂತಿರಲಿಲ್ಲ. ಅದೃಷ್ಟಕ್ಕೆ ಆರು ಗಂಟೆ ಹಿಂದೆ ಕೈಯಾರೆ ತೆಗೆದ ಒಂದು ಪ್ರತಿ ಸಿಕ್ಕಿತು. ಆ ಕಂಪನಿ ಎಲ್ಲವನ್ನೂ ಮುಚ್ಚಿಡದೆ ಪ್ರಕಟಿಸಿತು ಎಂಬುದು ಅವರ ದೊಡ್ಡತನ. ಇಂಥ ಪ್ರಾಮಾಣಿಕತೆ ನಮ್ಮ ಸಾರ್ವಜನಿಕ ಸಂಸ್ಥೆಗಳಲ್ಲೂ ಬೆಳೆಯಬೇಕು.

ಇಷ್ಟೆಲ್ಲ ಹೇಳಿದರೆ ಮೊದಲು ಬರುವ ಆಕ್ಷೇಪ ಖರ್ಚಿನದು. ಎಲ್ಲವನ್ನೂ ಮೂರು ಮೂರು ಕಡೆ ಇಡಲು ಹಣ ಎಲ್ಲಿಂದ ತರುವುದು ಎನ್ನುತ್ತಾರೆ. ಈ ಆಕ್ಷೇಪಕ್ಕೆ ದಕ್ಷಿಣ ಕೊರಿಯಾ ತೆತ್ತ ಬೆಲೆಯನ್ನು ನೋಡಬೇಕು. 2025ರ ಸೆಪ್ಟೆಂಬರ್ 26ರ ರಾತ್ರಿ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಲಿಥಿಯಂ ಬ್ಯಾಟರಿಗಳಿಗೆ ಬೆಂಕಿ ಹತ್ತಿತು. ಆರಂಭದಲ್ಲಿ 647 ಸರ್ಕಾರಿ ವ್ಯವಸ್ಥೆಗಳು ನಿಂತವು, 96 ನೇರವಾಗಿ ಸುಟ್ಟವು. ಸುಟ್ಟವುಗಳಲ್ಲಿ ನೌಕರರು ತಮ್ಮ ಕಡತಗಳನ್ನು ಇಡುತ್ತಿದ್ದ ಜಿ-ಡ್ರೈವ್ ಎಂಬ ಸಂಗ್ರಹವೂ ಇತ್ತು. ಅದರಲ್ಲಿದ್ದದ್ದು 858 ಟೆರಾಬೈಟ್. ಅಷ್ಟು ದೊಡ್ಡದಕ್ಕೆ ಹೊರಗೆ ನಕಲು ಇಡುವುದು ಕಷ್ಟ ಎಂದು ನಕಲು ಇಟ್ಟಿರಲಿಲ್ಲ. ತಂತ್ರಜ್ಞಾನದಲ್ಲಿ ಜಗತ್ತಿನ ಮುಂಚೂಣಿಯಲ್ಲಿರುವ ದೇಶದ ಸರ್ಕಾರಿ ನೌಕರರು ವರ್ಷಗಟ್ಟಲೆ ಬರೆದದ್ದು ಒಂದು ರಾತ್ರಿಯಲ್ಲಿ ಹೋಯಿತು. ಖರ್ಚಿನ ಆಕ್ಷೇಪದಲ್ಲಿ ಸತ್ಯ ಇಲ್ಲವೆಂದಲ್ಲ. ಎಲ್ಲ ದಾಖಲೆಗೂ ಒಂದೇ ವೇಗದ ರಕ್ಷಣೆ ಕೊಡಲು ಯಾವ ಸರ್ಕಾರಕ್ಕೂ ಆಗದು. ಅದಕ್ಕೆ ಮೊದಲು ವಿಂಗಡಿಸಬೇಕು. ಪಹಣಿ, ಪಡಿತರ, ಬ್ಯಾಂಕಿನ ಲೆಕ್ಕ ನಿಮಿಷಗಳಲ್ಲಿ ಏಳಬೇಕು. ಅಭಿಲೇಖಾಲಯದ ಹಳೆಯ ಕಡತಗಳ ಸ್ಕ್ಯಾನ್ ಪ್ರತಿ ಒಂದು ವಾರ ತಡವಾಗಿ ಬಂದರೂ ನಡೆದೀತು, ಆದರೆ ಅದು ಒಂದು ಅಕ್ಷರವನ್ನೂ ಕಳೆದುಕೊಳ್ಳಬಾರದು. ನಿಧಾನವಾಗಿ ಬಂದರೆ ಸಾಕು ಎನ್ನುವ ಪ್ರತಿಗಳನ್ನು ಟೇಪಿನ ಮೇಲೆ ಅಗ್ಗವಾಗಿ ಇಡಬಹುದು. ಕೊರಿಯಾದಲ್ಲಿ ಆದ ತಪ್ಪು ಹಣದ್ದಕ್ಕಿಂತ ಈ ವಿಂಗಡಣೆಯದು ಎಂದು ನನ್ನ ಅಭಿಪ್ರಾಯ. ಬೇಗ ಏಳಬೇಕಾದದ್ದಲ್ಲ ಎಂದ ಮಾತ್ರಕ್ಕೆ ಉಳಿಯಬೇಕಾದದ್ದೂ ಅಲ್ಲ ಎಂದುಕೊಂಡುಬಿಟ್ಟರು.

ಎರಡನೆಯ ಆಕ್ಷೇಪ, ಇದೆಲ್ಲ ಬೆಂಗಳೂರು, ದೆಹಲಿಯವರು ನೋಡಿಕೊಳ್ಳುತ್ತಾರೆ, ತಾಲ್ಲೂಕಿನವರಿಗೇಕೆ ಈ ಚಿಂತೆ ಎಂಬುದು. ದೆಹಲಿಯಿಂದಲೇ ಉತ್ತರ ತರುತ್ತೇನೆ. 2022ರ ನವೆಂಬರ್ 23ರಂದು ಅಲ್ಲಿಯ ಏಮ್ಸ್ ಆಸ್ಪತ್ರೆಯ ಐದು ಸರ್ವರ್‌ಗಳ ಸುಮಾರು 1.3 ಟೆರಾಬೈಟ್ ದತ್ತಾಂಶವನ್ನು ಕಿಡಿಗೇಡಿಗಳು ಬೀಗ ಹಾಕಿದಂತೆ ಗೂಢಲಿಪಿಗೆ ತಿರುಗಿಸಿದರು. ಕೇಡು ತಟ್ಟದ ಒಂದು ಬ್ಯಾಕಪ್ ಸರ್ವರ್ ಇತ್ತು, ಅದರಿಂದ ಆಸ್ಪತ್ರೆಯ ದತ್ತಾಂಶ ಮರಳಿ ಬಂತು ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಆದರೂ ಸುಮಾರು ಎರಡು ವಾರ ನೋಂದಣಿಯಿಂದ ಹಿಡಿದು ಎಷ್ಟೋ ಕೆಲಸಗಳು ಕೈಬರಹದಲ್ಲೇ ನಡೆದವು. ನಕಲು ಇತ್ತು, ಎದ್ದು ನಿಲ್ಲಲು ಎರಡು ವಾರ ಹಿಡಿಯಿತು. ಅದರ ಭಾರ ಹೊತ್ತವರು ದೂರದ ಊರುಗಳಿಂದ ರೈಲು ಹತ್ತಿ ಬಂದ ರೋಗಿಗಳು. ನಮಗೆ ಇನ್ನೂ ಹತ್ತಿರದ ಉದಾಹರಣೆ 2024ರದು. ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಸೇವೆ ಕೊಡುವ ಸಿ-ಎಡ್ಜ್ ಸಂಸ್ಥೆಯ ಮೇಲೆ ಇಂಥದೇ ದಾಳಿಯಾದಾಗ, ಜುಲೈ 31ರಂದು ಅದನ್ನು ರಾಷ್ಟ್ರೀಯ ಪಾವತಿ ಜಾಲದಿಂದ ಬೇರ್ಪಡಿಸಿದರು. ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರ ಪಾವತಿ ನಿಂತಿತು. ಬೇರ್ಪಡಿಸಿದ್ದು ಸರಿಯಾದ ಕ್ರಮವೇ. ಆದರೆ ಒಂದು ಸೇವಾ ಸಂಸ್ಥೆ ಕುಂಟಿದರೆ ನೂರಾರು ಬ್ಯಾಂಕುಗಳ ಹಳ್ಳಿಯ ಖಾತೆದಾರ ಕುಂಟುತ್ತಾನೆ ಎಂಬುದು ಅಂದು ಸ್ಪಷ್ಟವಾಯಿತು. ಈಗ ನಮ್ಮ ವಿಎಸ್‌ಎಸ್‌ಎನ್‌ಗಳೂ (ವ್ಯವಸಾಯ ಸೇವಾ ಸಹಕಾರ ಸಂಘಗಳೂ) ಕಂಪ್ಯೂಟರಿಗೆ ಬರುತ್ತಿವೆ. ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ 63,000 ಪ್ರಾಥಮಿಕ ಸಂಘಗಳಿಗಾಗಿ 2516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸೊಸೈಟಿಯ ಕಾರ್ಯದರ್ಶಿಯ ಕೈಯಲ್ಲಿದ್ದ ಕೆಂಪು ರಟ್ಟಿನ ಖಾತೆ ಪುಸ್ತಕ ಮುಚ್ಚುವ ಮುನ್ನ, ಈ ಲೆಕ್ಕ ಹೋದರೆ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಸದಸ್ಯರು ವಾರ್ಷಿಕ ಸಭೆಯಲ್ಲಿ ಕೇಳಬೇಕಲ್ಲವೆ?

ತಾಲ್ಲೂಕಿನ ಪಾಲು ಇನ್ನೂ ಒಂದಿದೆ. ರಾಜಧಾನಿಯ ಸರ್ವರ್ ಬೇರೆ ಊರಿನ ನಕಲಿಗೆ ಹೊರಳಿದರೂ ಆ ನಕಲಿಗೆ ಹೋಗುವ ದಾರಿ ಜೇವರ್ಗಿಯ ನಾಡಕಚೇರಿಗೆ ತೆರೆದಿರಬೇಕು. ಕೇಬಲ್ಲು ಒಂದೇ ಸೇತುವೆಯ ಮೇಲೆ ಹಾದುಬಂದಿದ್ದರೆ, ಯುಪಿಎಸ್ ಬ್ಯಾಟರಿ ಕಾಲು ಗಂಟೆಗೆ ಕೈಕೊಟ್ಟರೆ, ಜನರೇಟರಿಗೆ ಡೀಸೆಲ್ ಇಲ್ಲದಿದ್ದರೆ ಸಾವಿರ ಕಿಲೋಮೀಟರ್ ಆಚೆಯ ಸುರಕ್ಷಿತ ನಕಲು ಇದ್ದೂ ಇಲ್ಲದಂತೆ. ಇದನ್ನು ಬೆಂಗಳೂರಿನಲ್ಲಿ ಕೂತವರು ಕಾಣಲಾರರು, ಇಲ್ಲಿಯವರೇ ಕಾಣಬೇಕು.

ಕೆಲವರು ಇಷ್ಟೆಲ್ಲ ತಾಪತ್ರಯಕ್ಕಿಂತ ಕಾಗದವೇ ಮೇಲು ಎನ್ನುತ್ತಾರೆ. ಕಾಗದದ ಮೇಲಿನ ಅವರ ಪ್ರೀತಿಯನ್ನು ನಾನು ಗೌರವಿಸುತ್ತೇನೆ, ಅದಕ್ಕೆ ಒಂದು ಸ್ಥಾನವೂ ಇದೆ. ಕಾಟಾ ಚೀಟಿ, ಪಾಸ್‌ಬುಕ್ಕಿನ ಅಚ್ಚು, ದಿನಾಂಕ ಇರುವ ಪಹಣಿ ಪ್ರತಿ ಇವೆಲ್ಲ ಜನರ ಕೈಯಲ್ಲಿರುವ ಹಿಂಬಾಲಿಸದ ನಕಲುಗಳೇ, ಜೋಪಾನ ಮಾಡಿ. ಆದರೆ ಅಭಿಲೇಖಾಲಯದ ಕಾಗದಕ್ಕೆ ಗೆದ್ದಲಿದೆ, ತೇವವಿದೆ, ಹಾಳೆ ಕಿತ್ತುಕೊಳ್ಳುವ ಕೈಗಳೂ ಇವೆ. ಈ ಕಾರಣಕ್ಕೇ 2024ರಲ್ಲಿ ರಾಜ್ಯ ಸರ್ಕಾರ ‘ಭೂ ಸುರಕ್ಷಾ’ ಹೆಸರಿನಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಕೆಲಸ ಹಿಡಿಯಿತು. ಒಳ್ಳೆಯ ಕೆಲಸ. ಸ್ಕ್ಯಾನ್ ಆಯಿತೆಂದು ಮೂಲವನ್ನು ಮೂಲೆಗೆ ಎಸೆಯಬಾರದು ಎಂಬುದಷ್ಟೇ ನನ್ನ ಬೇಡಿಕೆ. ಇನ್ನು ನಕಲು ಹೆಚ್ಚಿದಷ್ಟೂ ಸೋರಿಕೆ ಹೆಚ್ಚು ಎಂಬ ಭಯ ಉಂಟು. ಅದು ನ್ಯಾಯವಾದ ಭಯ. ಪ್ರತಿ ನಕಲನ್ನೂ ಗೂಢಲಿಪಿಯಲ್ಲಿಟ್ಟು, ಬೀಗದ ಕೈಯನ್ನು ಇಬ್ಬರು ಅಧಿಕಾರಿಗಳ ನಡುವೆ ಹಂಚಿ, ನಕಲಿನ ಜೊತೆ ಒಂದೇ ಕಡೆ ಇಡದೆ ಇದ್ದರೆ ಆ ಭಯಕ್ಕೆ ತಕ್ಕ ಉತ್ತರವಾಗುತ್ತದೆ.

ಕಟ್ಟಕಡೆಯ ಆಕ್ಷೇಪ ಬರುವುದು ಅಧಿಕಾರಿಗಳಿಂದ. ನಕಲಿನಿಂದ ಎಬ್ಬಿಸುವ ತಾಲೀಮು ಮಾಡಲು ಹೋಗಿ ನಡೆಯುತ್ತಿರುವ ಸೇವೆ ನಿಂತರೆ ಯಾರು ಹೊಣೆ ಎನ್ನುತ್ತಾರೆ. ಇದಕ್ಕೆ ಉತ್ತರ ಷೇರು ಮಾರುಕಟ್ಟೆಯಲ್ಲಿದೆ. 2021ರ ಫೆಬ್ರವರಿ 24ರಂದು ಮುಂಬೈನ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ಬೆಳಗ್ಗೆ 11.40ಕ್ಕೆ ವ್ಯವಹಾರ ನಿಂತಿತು. ಬೇರೆ ಊರಿನಲ್ಲಿ ನಕಲಿನ ಕೇಂದ್ರ ಇದ್ದೂ ಅದಕ್ಕೆ ಹೊರಳಲಿಲ್ಲ. ಮಧ್ಯಾಹ್ನ 3.45ರವರೆಗೆ ದೇಶದ ದೊಡ್ಡ ಮಾರುಕಟ್ಟೆ ಸುಮ್ಮನಿತ್ತು. ಅದಾದ ಮೇಲೆ ನಿಯಂತ್ರಕ ಸಂಸ್ಥೆ ಸೆಬಿ ಅರ್ಧ ಗಂಟೆಯೊಳಗೆ ವಿಪತ್ತು ಎಂದು ಘೋಷಿಸಿ, 45 ನಿಮಿಷದೊಳಗೆ ನಕಲಿನ ಕೇಂದ್ರದಿಂದ ವ್ಯವಹಾರ ನಡೆಸಬೇಕೆಂದು ಕಟ್ಟುಮಾಡಿತು. 2024ರ ಮಾರ್ಚ್ 2 ಮತ್ತು ಮೇ 18ರ ಶನಿವಾರಗಳಂದು, ಎಲ್ಲರಿಗೂ ಮೊದಲೇ ತಿಳಿಸಿ, ನಿಜವಾದ ವ್ಯವಹಾರವನ್ನೇ ನಕಲಿನ ಕೇಂದ್ರದಿಂದ ನಡೆಸಿ ತೋರಿಸಿದರು. ಷೇರು ಕೊಳ್ಳುವವರಿಗಾಗಿ ಮಾಡಬಹುದಾದದ್ದನ್ನು ತೊಗರಿ ಬೆಳೆಯುವವರಿಗಾಗಿ ಮಾಡಲು ಬರುವುದಿಲ್ಲವೆ? ತಾಲೀಮಿನಲ್ಲಿ ಹೊರಬೀಳುವ ಕೊರತೆಗಳು ಬಹಳ ಸಲ ಸಣ್ಣವು. ಪಾಸ್‌ವರ್ಡ್ ಒಬ್ಬರಿಗೇ ಗೊತ್ತು, ಅವರು ವರ್ಗವಾಗಿ ಹೋಗಿದ್ದಾರೆ. ಡೇಟಾಬೇಸಿಗಿಂತ ಮೊದಲು ಅದನ್ನು ನೆಚ್ಚಿದ ತಂತ್ರಾಂಶ ಎದ್ದು ಕಂಗಾಲಾಗಿ ನಿಂತಿದೆ. ಹೊಸ ಜಾಗದ ವಿಳಾಸ ಕೌಂಟರಿನ ಕಂಪ್ಯೂಟರಿಗೆ ಗೊತ್ತಿಲ್ಲ. ಪಹಣಿ ತೆರೆಯ ಮೇಲೆ ಬಂತು, ಪ್ರಿಂಟರ್ ಒಲ್ಲೆನ್ನುತ್ತದೆ. ಬಿಡುವಿನ ಶನಿವಾರ ಇವು ಅರ್ಧ ದಿನದ ಕೆಲಸ. ನೆರೆ ಬಂದ ಸೋಮವಾರ ಇವೇ ಎರಡು ವಾರ ನುಂಗುತ್ತವೆ.

ಸಭಿಕರೆ, ನಮ್ಮ ಕಚೇರಿಗಳ ಗೋಡೆಯ ಮೇಲೆ ‘ಸಕಾಲ’ದ ಫಲಕ ಇದೆ. 2011ರ ಕಾಯ್ದೆಯಂತೆ ಯಾವ ಕೆಲಸಕ್ಕೆ ಎಷ್ಟು ದಿನ ಎಂದು ಅದರಲ್ಲಿ ಬರೆದಿದೆ, ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರ ಕೇಳುವ ಹಕ್ಕೂ ಇದೆ. ಆ ಫಲಕದ ಕೆಳಗೆ ಎರಡು ಸಾಲು ಸೇರಿಸಬೇಕು: ನಕಲಿನಿಂದ ಈ ಸೇವೆಯನ್ನು ಕೊನೆಯ ಸಲ ಎಬ್ಬಿಸಿ ನೋಡಿದ ದಿನಾಂಕ, ಅದಕ್ಕೆ ಹಿಡಿದ ಹೊತ್ತು. ಇದಕ್ಕೆ ಹೊಸ ಕಾಯ್ದೆ ಬೇಡ, ಹೊಸ ಯಂತ್ರವೂ ಬೇಡ. ಮುಂಗಾರಿಗೆ ಮುನ್ನ ತಾಲ್ಲೂಕು ಆಡಳಿತ ಭೀಮಾ ನೆರೆಯ ಸಿದ್ಧತೆಗಾಗಿ ಸಭೆ ಸೇರಿ ದೋಣಿ ಎಷ್ಟಿವೆ, ಕಾಳಜಿ ಕೇಂದ್ರ ಯಾವ ಶಾಲೆಯಲ್ಲಿ, ಈಜು ಬಲ್ಲವರು ಯಾರು ಎಂದು ಪಟ್ಟಿ ಮಾಡುತ್ತದೆ. ಆ ಪಟ್ಟಿಗೆ ಇದನ್ನೂ ಹಚ್ಚಿ, ಮೇ ತಿಂಗಳ ಒಂದು ಶನಿವಾರ ಅಫಜಲಪುರ, ಜೇವರ್ಗಿ, ಆಳಂದದ ಕೌಂಟರುಗಳಲ್ಲಿ ದೂರದ ನಕಲಿನಿಂದಲೇ ಪಹಣಿ ತೆಗೆದು ಜನರ ಕೈಗೆ ಕೊಡಿ ಎಂದು ಕಂದಾಯ ಇಲಾಖೆಯನ್ನು ಈ ವೇದಿಕೆಯಿಂದ ವಿನಂತಿಸುತ್ತೇನೆ. ನೀವೂ ನಿಮ್ಮ ಗ್ರಾಮಸಭೆಯಲ್ಲಿ, ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಆ ದಿನಾಂಕ ಕೇಳಿ.